ಗಾಣದ ಎತ್ತಿಗೆ ಕಣ್ಣು ಕೊಟ್ಟದ್ದು

ಕಣ್ಣು ಬರೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಲಬುರ್ಗಾ ತಾಲೂಕಿನಲ್ಲಿ ನಾನು ಕಣ್ಣು ಕೊಡದ ಜೀವ ಕಡಿಮೆ. ಲಾರಿಯ ಹಿಂದಿನ ಹುಲಿಗೆ ಕೊಟ್ಟಿದ್ದೇನೆ, ಹಾಲಿನ ಡೇರಿಯ ಎಮ್ಮೆಗೆ ಕೊಟ್ಟಿದ್ದೇನೆ, ಆಸ್ಪತ್ರೆಯ ಗೋಡೆಯ ಮೇಲೆ ಮಕ್ಕಳನ್ನು ಹಿಡಿದುಕೊಂಡು ನಗುವ ಗಂಡ ಹೆಂಡತಿಗೂ ಕೊಟ್ಟಿದ್ದೇನೆ. ಏಳನೇ ತರಗತಿಗೇ ಸಾಲಿ ಬಿಟ್ಟು, ಗಂಗಾವತಿಯ ಹುಸೇನಸಾಬ ಉಸ್ತಾದರ ಬಳಿ ಬ್ರಷ್ ತೊಳೆಯುತ್ತ ತೊಳೆಯುತ್ತ ಕಲಿತ ವಿದ್ಯೆ ಇದು. ಉಸ್ತಾದರು ನನಗೆ ಮಾಡಿದ ಉಪದೇಶ ಒಂದೇ.

"ಮೊದಲ ಮೈ, ಆಮ್ಯಾಲ ಬಣ್ಣ, ಕಡೀಕ ಕಣ್ಣು. ಕಣ್ಣಿಟ್ಟ ಮ್ಯಾಲ ಬ್ರಷ್ ತೊಳದು ಮನಿಗಿ ಹೋಗು. ಮತ್ತ ಮುಟ್ಟಬ್ಯಾಡ."

ಆದ್ದರಿಂದ ಎಣ್ಣೆ ಅಂಗಡಿಯ ಶಿವಣ್ಣ ಸಾವ್ಕಾರರು ನನ್ನನ್ನು ಕರೆಸಿ, "ಮಲ್ಲೇಶಿ, ನಮ್ಮ ಎತ್ತು ಟೀವ್ಯಾಗ ಕಣ್ಣು ಮಿಟುಕಿಸಬೇಕು. ನಿನ್ನ ಕೈಲೆ ಆಗತೈತೇನು?" ಎಂದಾಗ ನನಗೆ ನಗು ಬಂತು.

"ಸಾವ್ಕಾರ್ರ, ಮಿಟುಕಿಸೂದಂದ್ರ ಅರ್ಧ ಕಣ್ಣು. ಪೂರ್ತಿ ಕಣ್ಣು ಬರಿಯಾವ್ನಿಗಿ ಅರ್ಧ ಕಣ್ಣು ಏನ್ ದೊಡ್ಡ ಮಾತ್ರಿ" ಅಂದೆ.

ಈ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ನನ್ನ ಹೆಂಡತಿ ಶಾಂತವ್ವ ಇಟ್ಟುಕೊಂಡಿದ್ದಾಳೆ.

ಎತ್ತು ಅಂದರೆ ಯಾವ ಎತ್ತು ಎನ್ನುವುದನ್ನು ಹೇಳಬೇಕು. ಶಿವಣ್ಣನವರ ತಂದೆ ದೊಡ್ಡ ಸಾವ್ಕಾರರು ಇದ್ದಾಗ ಅಂಗಡಿಯ ಹಿತ್ತಲಲ್ಲಿ ಖರೇ ಗಾಣವಿತ್ತು, ಅದಕ್ಕೆ ಖರೇ ಎತ್ತಿತ್ತು. ಸುತ್ತಿನ ಹಳ್ಳಿಯವರು ಕುಸುಬಿ, ಶೇಂಗಾ ಹೊತ್ತು ತಂದು ಎಣ್ಣೆ ಬಿಡಿಸಿಕೊಂಡು ಹೋಗುತ್ತಿದ್ದರು. ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಆ ಅಂಗಡಿಯ ಮುಂದಿನ ಗೋಡೆಯ ಮೇಲೆ ಗಾಣ ತಿರುಗುವ ಎತ್ತು ಬರೆದೆ. ಮೈ ಆಯಿತು, ಬಣ್ಣ ಆಯಿತು. ಕಣ್ಣಿಗೆಂದು ಸಣ್ಣ ಬ್ರಷ್ ನೀರಿನಿಂದ ತೆಗೆದೆ. ಹಿಂದೆ ದೊಡ್ಡ ಸಾವ್ಕಾರರು ನಿಂತಿದ್ದರು.

"ಕಣ್ಣಿಗಿ ಬಟ್ಟಿ ಕಟ್ಟು" ಅಂದರು.

"ಕಣ್ಣು ಬರೀತೀನ್ರಿ. ಭಾಳ ಛಲೋ ಕಾಣತೈತಿ."

"ಗಾಣದ ಎತ್ತಿಗಿ ಕಣ್ಣು ಕಟ್ಟಿರ್ತಾರ. ನನ್ನ ಗಾಣದಾಗ ಇದ್ದದ್ದು ಬರಿ. ಇಲ್ಲದ್ದು ಬರೀಬ್ಯಾಡ."

ಕರಿ ಬಟ್ಟೆ ಬರೆದೆ. ಮೂಲೆಯಲ್ಲಿ 'ಮಲ್ಲೇಶ ಆರ್ಟ್ಸ್, ಯಲಬುರ್ಗಾ' ಎಂದು ಹೆಸರು ಹಾಕಿ ಇಳಿದೆ. ಕಣ್ಣು ಮಾತ್ರ ಬ್ರಷ್ಷಿನಲ್ಲೇ ಉಳಿಯಿತು. ಒಬ್ಬ ಕಲಾವಿದನಿಗೆ ಇದು ಎಂಥ ಗಾಯ ಎನ್ನುವುದು ಎಣ್ಣೆ ಮಾರುವವರಿಗೆ ತಿಳಿಯುವುದಿಲ್ಲ.

ಆಮೇಲೆ ಮೋಟಾರು ಬಂತು, ಎತ್ತು ಹೋಯಿತು. ದೊಡ್ಡ ಸಾವ್ಕಾರರೂ ಹೋದರು. ಫ್ಲೆಕ್ಸ್ ಬಂತು, ನಾನು ಹೋಗುವುದೊಂದು ಬಾಕಿ ಉಳಿಯಿತು. ನನ್ನ ಕೈಯ ಬೋರ್ಡುಗಳು ಒಂದೊಂದಾಗಿ ಇಳಿದವು. ಕೆಲವನ್ನು ಮಂದಿ ಕೋಳಿಗೂಡಿನ ಬಾಗಿಲಿಗೆ ಬಡಿದರು. ಊರಲ್ಲಿ ನನ್ನ ಹೆಸರು ಉಳಿದದ್ದು ಆ ಎತ್ತಿನ ಕಾಲಡಿಯಲ್ಲಿ ಮಾತ್ರ. ಈಗ ಶಿವಣ್ಣನವರು ಆ ಗೋಡೆಯನ್ನೂ ಕೆಡವಿ ಗಾಜಿನ ಅಂಗಡಿ ಕಟ್ಟಿಸುತ್ತಿದ್ದರು. ಬಾಗಿಲ ಮೇಲೆ ದೊಡ್ಡ ಟೀವಿ. ಅದರಲ್ಲಿ ಎತ್ತು ತಿರುಗಬೇಕು, ಗಿರಾಕಿಯ ಕಡೆ ಮುಖ ಬಂದಾಗ ಕಣ್ಣು ಮಿಟುಕಿಸಬೇಕು.

"ಆಗಲಿಲ್ಲಂದ್ರ ಈಗs ಹೇಳಿಬಿಡು. ಕುಷ್ಟಗಿ ಬಸವರಾಜ ಮಾಡಿಕೊಡ್ತಾನ" ಅಂದರು ಶಿವಣ್ಣನವರು. "ಯಾರು ಮಾಡ್ತಾರ, ಅವರ ಹೆಸರು ಮೂಲ್ಯಾಗ."

ಬಸವರಾಜ ಅಂದರೆ ಬಸ್ಯಾ, ಶಾಂತವ್ವನ ತಮ್ಮ. ನನ್ನ ಮದುವೆಯಲ್ಲಿ ನನ್ನದೇ ತೊಡೆಯ ಮೇಲೆ ಕೂತು ಬುಂದೆ ತಿಂದ ಹುಡುಗ. ದೊಡ್ಡವನಾಗಿ ಕುಷ್ಟಗಿಗೆ ಫ್ಲೆಕ್ಸ್ ಯಂತ್ರ ತಂದವನೂ ಅವನೇ. ಅವನ ಹೆಸರು ನನ್ನ ಎತ್ತಿನ ಕಾಲಡಿಗೆ ಬರುವುದಾದರೆ ನಾನು ಬ್ರಷ್ ಹಿಡಿದು ಏನು ಸಾರ್ಥಕವಾಯಿತು?

"ನಾನs ಮಾಡ್ತೀನ್ರಿ" ಅಂದೆ.

ಮಗಳು ಗಂಡನ ಮನೆಗೆ ಹೋಗುವಾಗ ಒಂದು ಹಳೆಯ ಲ್ಯಾಪ್‌ಟಾಪ್ ಬಿಟ್ಟು ಹೋಗಿದ್ದಳು. ಅದರ ಮೇಲೆ ಶಾಂತವ್ವ ಇಸ್ತ್ರಿ ಮಾಡಿದ ಸೀರೆ ಇಡುತ್ತಿದ್ದಳು. ಸೀರೆ ಇಳಿಸಿದೆ. ಕಾರ್ಟೂನು ಮಾಡುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಅದರೊಳಗೆ ಹಾಕಿಸಿಕೊಂಡು ಬಂದೆ. ಕಲಿಸುವುದಕ್ಕೆ ಫೋನಿನಲ್ಲಿ ಹಿಂದಿ ಮಾತಾಡುವ ಒಬ್ಬ ಹುಡುಗನಿದ್ದ. ಅವನು ಬರೀ ಪೀಠಿಕೆ ಹಾಕುತ್ತಿದ್ದ. ಪೀಠಿಕೆಯನ್ನೆಲ್ಲ ಓಡಿಸಿ, ಕೆಲಸದ ಮಾತು ಬಂದಲ್ಲಿ ನಿಲ್ಲಿಸಿಕೊಂಡೆ. ಕಸುಬು ಬಲ್ಲವನಿಗೆ ಪೀಠಿಕೆ ಯಾಕೆ?

ಕಣ್ಣಿಡುವ ದಿನ ಉಸ್ತಾದರು ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ನಾನೂ ತಿನ್ನಲಿಲ್ಲ. ಸ್ನಾನ ಮಾಡಿ, ಲ್ಯಾಪ್‌ಟಾಪಿಗೆ ಊದುಬತ್ತಿ ಬೆಳಗಿ ಕೂತೆ. ಮೌಸ್ ಹಿಡಿದು ಚಿತ್ರ ಬರೆಯುವುದೆಂದರೆ ಒದ್ದೆ ಸಾಬೂನು ಹಿಡಿದು ಸಹಿ ಮಾಡಿದ ಹಾಗೆ. ಆದರೂ ಬಿಡಲಿಲ್ಲ. ಮೊದಲು ಮೈ, ಆಮೇಲೆ ಬಣ್ಣ. ದೊಡ್ಡ ಸಾವ್ಕಾರರು ಹಿಂದೆ ನಿಂತಿರಲಿಲ್ಲ. ಬಟ್ಟೆ ಕಟ್ಟು ಎನ್ನುವವರು ಯಾರೂ ಇರಲಿಲ್ಲ. ಕಡೆಗೆ ಕಣ್ಣು ಬರೆದೆ. ಇಷ್ಟು ವರ್ಷ ಬ್ರಷ್ಷಿನಲ್ಲಿ ಉಳಿದದ್ದನ್ನು ಪೂರ್ತಿ ಸುರಿದು ಬರೆದೆ. ಕಪ್ಪು ಗುಡ್ಡೆ, ಅಂಚಿಗೆ ತುಸು ನೀಲಿ, ನಡುವೆ ಬೆಳಕಿನ ಒಂದು ಚುಕ್ಕೆ. ನೋಡಿ ನನಗೇ ಕೈ ಮುಗಿಯಬೇಕೆನ್ನಿಸಿತು.

ಇನ್ನು ಮುಚ್ಚುವುದು. ಗೋಡೆಯ ಮೇಲೆ ಹಳೆಯದು ಬೇಡವಾದರೆ ಅದರ ಮೇಲೆ ಸುಣ್ಣ ಹೊಡೆದು ಹೊಸದು ಬರೆಯುತ್ತೇವೆ. ನಾನೂ ಹಾಗೇ ಕಣ್ಣಿನ ಮೇಲೆ ಚರ್ಮದ ಬಣ್ಣ ಹೊಡೆದೆ. ಕಣ್ಣು ಮುಚ್ಚಿತು. ಸೇವ್ ಮಾಡಿದೆ. ಅದರ ಮೇಲೆ ಮತ್ತೆ ಕಣ್ಣು ಬರೆದೆ, ತೆರೆಯಿತು. ಸೇವ್ ಮಾಡಿದೆ. ಮತ್ತೆ ಮುಚ್ಚಿದೆ. ರೊಟ್ಟಿಯ ಹೊತ್ತಿನ ತನಕ ಆ ಎತ್ತಿನ ಕಣ್ಣನ್ನು ಕೈಯಾರೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ಸಾಕಷ್ಟಾಯಿತು ಎನ್ನಿಸಿದ ಮೇಲೆ ಶಾಂತವ್ವನನ್ನು ಕರೆದೆ.

"ಬಾ ಇಲ್ಲೆ. ನೋಡು ನಿನ್ನ ಗಂಡನ ಕೈಚಳಕ."

ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಬಟನ್ ಒತ್ತಿದೆ. ಎತ್ತು ಕಣ್ಣು ಮುಚ್ಚಿಕೊಂಡು ನಿಂತಿತ್ತು. ನಿಂತೇ ಇತ್ತು.

ಶಾಂತವ್ವ ಸ್ವಲ್ಪ ಹೊತ್ತು ಮರ್ಯಾದೆಯಿಂದ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು. "ಯಾವಾಗ ತೀರಿಕೊಂಡತ್ರಿ?"

ಪೀಠಿಕೆಗೆ ವಾಪಸು ಹೋದೆ. ಆ ಹಿಂದಿ ಹುಡುಗ ಮೊದಲೇ ಎಲ್ಲವನ್ನೂ ಹೇಳಿದ್ದ. ಮೈ ಬೇರೆ ಪದರ, ಕಣ್ಣು ಬೇರೆ ಪದರ, ರೆಪ್ಪೆ ಬೇರೆ ಪದರ, ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ರೆಪ್ಪೆಯ ಹಾಳೆಯನ್ನು ಮಾತ್ರ ಇಳಿಸಬೇಕು, ಏರಿಸಬೇಕು. ಗೋಡೆಗೆ ಒಂದೇ ಮೈ. ಇದಕ್ಕೆ ಈರುಳ್ಳಿಯಷ್ಟು ಮೈ. ನಾನು ಬೆಳಗಿನಿಂದ ಕೊಟ್ಟ ಕಣ್ಣುಗಳೆಲ್ಲ ಒಂದರ ಕೆಳಗೊಂದು ಹೂತುಹೋಗಿದ್ದವು. ಅಷ್ಟು ಕಣ್ಣಿನಲ್ಲಿ ಒಂದು ಎತ್ತಿನ ಸಂತೆಯನ್ನೇ ಮಾಡಬಹುದಿತ್ತು.

ಹೊಸದಾಗಿ ಶುರು ಮಾಡಿದೆ. ಈ ಸಲ ಕಣ್ಣನ್ನೇ ಮೊದಲು ಮಾಡಬೇಕಾಯಿತು. ಉಸ್ತಾದರು ಮಣ್ಣಿನಡಿ ಮಗ್ಗುಲು ಬದಲಿಸಿರಬೇಕು.

ರೆಪ್ಪೆ ಇಳಿಯಿತು, ಏರಿತು. ಆದರೆ ಎಷ್ಟು ಬೇಗ ಇಳಿಯಬೇಕು, ಎಷ್ಟು ಹೊತ್ತಿಗೊಮ್ಮೆ ಇಳಿಯಬೇಕು? ನಾನು ಸಾವಕಾಶ ಇಳಿಸಿದೆ, ದೊಡ್ಡ ಅಂಗಡಿಯ ಎತ್ತು, ಗಾಂಭೀರ್ಯ ಇರಲಿ ಎಂದು.

"ಅದಕ್ಕ ನಿದ್ದಿ ಬಂದೈತ್ರಿ" ಅಂದಳು ಶಾಂತವ್ವ. "ಮೇವು ಹಾಕಿ ಒಳಗ ಕಟ್ರಿ."

ಚುರುಕು ಮಾಡಿದೆ. ಕೆಟ್ಟ ಟ್ಯೂಬ್‌ಲೈಟಿನಂತೆ ಬಡಿದುಕೊಂಡಿತು.

"ಕಣ್ಣಾಗ ಖಾರ ಬಿದ್ದೈತೇನ್ರಿ ಅದಕ್ಕ?"

ಸಿಟ್ಟಿನಲ್ಲಿ ಏನೋ ಒತ್ತಿದೆ. ಒಂದು ಕಣ್ಣಿನ ರೆಪ್ಪೆ ನಿಂತುಹೋಯಿತು, ಇನ್ನೊಂದು ಮಾತ್ರ ಇಳಿಯಿತು. ಶಾಂತವ್ವ ಸೆರಗು ಬಾಯಿಗೆ ಹಿಡಿದಳು.

"ನಿಮ್ಮ ಎತ್ತಿಗಿ ಸ್ವಲ್ಪ ಬುದ್ಧಿ ಹೇಳ್ರಿ. ಮನ್ಯಾಗ ಹೆಣ್ಮಕ್ಕಳು ಅದೀವಿ."

ಜೀವಂತ ಕಣ್ಣನ್ನು ಅಭ್ಯಾಸ ಮಾಡದೆ ಇದು ಬಗೆಹರಿಯುವುದಿಲ್ಲ ಎಂದು ತೀರ್ಮಾನಿಸಿದೆ. ಮೊದಲು ಕನ್ನಡಿ ಹಿಡಿದೆ. ನನ್ನ ಕಣ್ಣು ಮುಚ್ಚಿದಾಗ ಹೇಗೆ ಕಾಣುತ್ತದೆ ಎಂದು ನೋಡಲು ಹೋದರೆ, ಆ ಹೊತ್ತಿಗೆ ಕಣ್ಣು ಮುಚ್ಚಿರುತ್ತದೆ. ಇಷ್ಟು ತಿಳಿಯಲು ನನಗೆ ಒಂದು ಪೂರ್ತಿ ಮುಂಜಾನೆ ಬೇಕಾಯಿತು. ಶಾಂತವ್ವನನ್ನು ಮುಂದೆ ಕೂಡಿಸಿಕೊಳ್ಳೋಣವೆಂದರೆ, "ಮದುವ್ಯಾದಾಗಿಂದ ನನ್ನ ಮುಖ ನೋಡಿಲ್ಲ, ಈಗ ಎತ್ತಿನ ಸಲುವಾಗಿ ನೋಡ್ತೀರೇನು?" ಎಂದು ಒಳಗೆ ಹೋದಳು. ನ್ಯಾಯವಾದ ಮಾತು. ಬೇರೆ ಮಂದಿಯ ಕಣ್ಣು ನೋಡೋಣವೆಂದು ನಾನು ಬಸ್ ಹತ್ತಿದೆ.

ಕುಷ್ಟಗಿ ಬಸ್ಸಿನಲ್ಲಿ ಎದುರಿಗೆ ಒಬ್ಬ ಪೇಟದ ಯಜಮಾನರು ಕೂತಿದ್ದರು. ಒಳ್ಳೆಯ ದೊಡ್ಡ ಕಣ್ಣು. ಮಿಟುಕಿಸುವುದನ್ನೂ ಹದವಾಗಿ ಮಿಟುಕಿಸುತ್ತಿದ್ದರು. ನಾನು ಮೊಳಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ನೋಡುತ್ತ ಕೂತೆ. ಅವರು ಮೊದಲು ಮೀಸೆ ಒರೆಸಿಕೊಂಡರು. ಆಮೇಲೆ ಪೇಟ ಸರಿ ಮಾಡಿಕೊಂಡರು. ಕಡೆಗೆ ಮುಂದಕ್ಕೆ ಬಾಗಿದರು.

"ಏನಪಾ ತಮ್ಮಾ, ನನ್ನ ಗುರ್ತು ಹಿಡದಿಯೇನು?"

"ಇಲ್ರಿ. ನೀವು ಕಣ್ಣು ಮಿಟುಕಿಸೂದು ನೋಡಾಕತ್ತೀನಿ."

"ಯಾಕ?"

"ಎತ್ತಿಗಿ ಬೇಕಾಗೈತ್ರಿ."

ಅವರು ಗಂಟು ತೆಗೆದುಕೊಂಡು ಎದ್ದು ಡ್ರೈವರ್ ಪಕ್ಕ ಹೋಗಿ ನಿಂತರು. ಕಂಡಕ್ಟರ್ ಬಂದು, ನನ್ನ ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಭಾಳ ಮೃದುವಾಗಿ ವಿಚಾರಿಸಿದ. ಅಷ್ಟು ಪ್ರೀತಿಯಿಂದ ಮಾತಾಡುವ ಕಂಡಕ್ಟರನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮನುಷ್ಯರ ಸಹವಾಸ ಬೇಡವೆಂದು ಪಕ್ಕದ ಮನೆಯ ಹನಮಪ್ಪನ ಕೊಟ್ಟಿಗೆಗೆ ಹೋಗಿ, ಅವನ ಎತ್ತಿನ ಮುಂದೆ ಮಣೆ ಹಾಕಿಕೊಂಡು ಕೂತೆ.

"ಎತ್ತು ಮಾರೂದಿಲ್ಲಪಾ ನಾನು" ಅಂದ ಹನಮಪ್ಪ.

"ಕೊಳ್ಳಾಕ ಬಂದಿಲ್ಲೋ ಮಾರಾಯ. ಕಣ್ಣು ನೋಡಾಕ ಬಂದೀನಿ."

"ನೋಡು. ಅದೂ ನಿನ್ನ ನೋಡತೈತಿ. ಇಬ್ರಿಗೂ ಕೆಲಸಿಲ್ಲ."

ಆ ಎತ್ತಿನ ಮುಂದೆ ಕೂತು ನಾನು ಕಲಿತದ್ದನ್ನು ಯಾವ ಹಿಂದಿ ಹುಡುಗನೂ ಹೇಳಿಕೊಟ್ಟಿರಲಿಲ್ಲ. ಎತ್ತು ಸುಮ್ಮನೆ ಕಣ್ಣು ಮಿಟುಕಿಸುವುದಿಲ್ಲ. ನೊಣ ಬರುತ್ತದೆ, ಕಿವಿ ಫಟ್ಟನೆ ಬಡಿಯುತ್ತದೆ, ಅದರ ಬೆನ್ನಿಗೇ ರೆಪ್ಪೆ ಬೀಳುತ್ತದೆ. ಬೀಳುವುದು ಥಟ್ಟನೆ, ಏಳುವುದು ಸಾವಕಾಶ. ಎದ್ದ ಮೇಲೆ ಕಣ್ಣು ಒಂದು ಕ್ಷಣ ಒದ್ದೆಯಾಗಿರುತ್ತದೆ. ನಾನು ಎದ್ದು ಬಂದ ಮೇಲೆ ಹನಮಪ್ಪನ ಹೆಂಡತಿ ಆ ಎತ್ತಿಗೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳೆಂದು ಆಮೇಲೆ ಗೊತ್ತಾಯಿತು. ಕಲಾವಿದನ ನೋಟಕ್ಕೆ ನಮ್ಮೂರು ಕೊಡುವ ಬೆಲೆ ಅದು.

ಮನೆಗೆ ಬಂದು ಕಿವಿಯನ್ನೂ ರೆಪ್ಪೆಯನ್ನೂ ಒಂದಕ್ಕೊಂದು ಜೋಡಿಸಿದೆ. ಕಿವಿ ಬಡಿದರೆ ರೆಪ್ಪೆ ಬೀಳಬೇಕು. ಕಣ್ಣಿನಡಿ ಒಂದು ಹನಿಯಷ್ಟು ಹೊಳಪು ಹಾಕಿದೆ. ಆ ಹಿಂದಿ ಹುಡುಗ ಹೇಳಿದ ಹಾಗೆ ಎತ್ತನ್ನು ಗಾಣದ ಸುತ್ತ ನಡೆಸಿದೆ. ಶಾಂತವ್ವನನ್ನು ಕರೆದು ಬಟನ್ ಒತ್ತಿದೆ.

ಎತ್ತು ಗಾಣ ಸುತ್ತಿ ಬಂದು, ನಮ್ಮ ಕಡೆ ಮುಖ ಮಾಡಿ, ಕಿವಿ ಬಡಿದು, ಕಣ್ಣು ಮುಚ್ಚಿ, ತೆರೆಯಿತು. ಮತ್ತೆ ಸುತ್ತಿಗೆ ಹೋಯಿತು. ಎತ್ತು ಇನ್ನೊಂದು ಸುತ್ತು ಬಂದು ಅವಳನ್ನು ನೋಡಿತು.

"ಖರೇ ಎತ್ತು ಇದ್ದಂಗ ಐತ್ರಿ" ಅಂದಳು. ಒಳಗೆ ಹೋಗುತ್ತ, "ಅದಕ್ಕೊಂದೀಟು ನೀರರ ಕುಡಸ್ರಿ" ಎಂದೂ ಅಂದಳು.

ಚೇಷ್ಟೆ ಇರಬೇಕು ಅಂದುಕೊಂಡೆ.

ಅಂಗಡಿ ಉದ್ಘಾಟನೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು, ಲ್ಯಾಪ್‌ಟಾಪ್ ಬಗಲಲ್ಲಿ ಹಿಡಿದು ಹೋದೆ. ಕೆಡವಿದ ಗೋಡೆಯ ಮಣ್ಣು ಇನ್ನೂ ಪಕ್ಕದಲ್ಲೇ ಗುಡ್ಡೆ ಬಿದ್ದಿತ್ತು. ಒಂದು ಗಿಲಾವಿನ ಚೂರಿನ ಮೇಲೆ ಎತ್ತಿನ ಗೊರಸು ಕಂಡಿತು. ದುಃಖವೇನೂ ಆಗಲಿಲ್ಲ. ಗೊರಸು ಹೋದರೇನು, ಕಣ್ಣು ಬರುತ್ತದಲ್ಲ ಅಂದುಕೊಂಡೆ. ಬಾಗಿಲಿಗೆ ಫ್ಲೆಕ್ಸ್ ಕಟ್ಟಲು ಬಸ್ಯಾನೂ ಬಂದಿದ್ದ. "ಮಾವ, ಆರಾಮ?" ಅಂದ. "ಟೀವಿ ನೋಡು" ಅಂದೆ.

ಶಿವಣ್ಣನವರು ರಿಮೋಟ್ ಒತ್ತಿದರು. ಎತ್ತು ಬಂತು. ಮೂಲೆಯಲ್ಲಿ 'ಮಲ್ಲೇಶ ಆರ್ಟ್ಸ್'. ಕಿವಿ ಬಡಿಯಿತು, ಕಣ್ಣು ಮಿಟುಕಿಸಿತು. ರಸ್ತೆಯಲ್ಲಿ ಹೋಗುವವರು ನಿಂತರು. ಯಾರೋ ಚಪ್ಪಾಳೆ ತಟ್ಟಿದರು. ನನ್ನ ಜೀವನದ ಆ ಭಾಗ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಬಾಗಿಲ ಪಕ್ಕ ಕುರ್ಚಿಯಲ್ಲಿ ಶಿವಣ್ಣನವರ ತಾಯಿ, ದೊಡ್ಡ ಸಾವ್ಕಾರರ ಹೆಂಡತಿ ನೀಲವ್ವನವರು ಕೂತಿದ್ದರು. ಕತ್ತೆತ್ತಿ ಟೀವಿ ನೋಡಿದರು.

"ಯಾವಪಾ ಅದರ ಕಣ್ಣಿನ ಬಟ್ಟಿ ಬಿಚ್ಚಿದಾವ?"

"ನಾನ್ರಿ, ಅವ್ವಾರ" ಎಂದು ಹೆಮ್ಮೆಯಿಂದ ಮುಂದೆ ಬಂದೆ.

"ಎತ್ತಿನ ಕಣ್ಣು ಯಾಕ ಕಟ್ತಾರ, ಗೊತ್ತೈತೇನು? ತಾ ಇದ್ದಲ್ಲೇ ಸುತ್ತಾಕತ್ತೀನಿ ಅಂತ ಅದಕ್ಕ ತಿಳೀಬಾರ್ದು. ತಿಳೀತಂದ್ರ ಅದು ಮುಂದ ಹೆಜ್ಜಿ ಇಡೂದಿಲ್ಲ." ಮತ್ತೆ ಟೀವಿ ನೋಡಿದರು. "ಇದು ತಿಳದೂ ನಡಿಯಾಕತ್ತೈತಲ್ಲೋ. ಎಷ್ಟು ಬಡದೀರಿ ಅದನ್ನ?"

ಗುಂಪು ಟೀವಿಯ ಕಡೆ ತಿರುಗಿತು. ಆಗಲೇ ಎತ್ತು ಒಂದು ಸುತ್ತು ಮುಗಿಸಿ ಎಲ್ಲರ ಕಡೆ ಮುಖ ಮಾಡಿತು. ಒದ್ದೆ ಕಣ್ಣು. ರೆಪ್ಪೆ ಥಟ್ಟನೆ ಬಿತ್ತು, ಸಾವಕಾಶ ಎದ್ದಿತು. ಬೇವೂರಿನಿಂದ ಸ್ಟೀಲಿನ ಕ್ಯಾನ್ ಹಿಡಿದು ಬಂದಿದ್ದ ಒಬ್ಬ ಮುದುಕ ಕ್ಯಾನನ್ನು ಕೆಳಗಿಟ್ಟ.

"ಬಿಡಸ್ರಿ ಅನ್ನಾಕತ್ತೈತ್ರಿ ಅದು" ಅಂದ. "ನನ್ನ ಮುಖಾನ ನೋಡಿ ಕೇಳತೈತಿ."

"ಖರೇ ಐತಿ ನೋಡ್ಯವ್ವಾ" ಎಂದಳು ಪಕ್ಕದ ಹೆಣ್ಣುಮಗಳು. "ಇಂಥಾ ಎಣ್ಣ್ಯಾಗ ಒಗ್ಗರಣಿ ಹಾಕಿ ಹೆಂಗ ಉಣ್ಣೂದು?"

ಶಿವಣ್ಣನವರು ಗಾಬರಿಯಾದರು. "ಅದು ಚಿತ್ರರೀ ಯಜಮಾನ್ರ. ಒಳಗ ಎತ್ತು ಇಲ್ಲ. ಮೋಟಾರ್ ಐತಿ, ಬಂದು ನೋಡ್ರಿ."

ಮುದುಕ ಮೇಲೆ ಬೋರ್ಡು ನೋಡಿದ, ಶಿವಣ್ಣನವರನ್ನು ನೋಡಿದ. "ಎತ್ತೂ ಇಲ್ಲೇನು? ಮತ್ತ ಎತ್ತಿನ ಗಾಣದ ಎಣ್ಣಿ ಅಂತ ಬರದೀರಲ್ಲ?"

ಎತ್ತಿದ್ದರೆ ಪಾಪ, ಇಲ್ಲದಿದ್ದರೆ ಮೋಸ. ಶಿವಣ್ಣನವರು ನಡುವೆ ನಿಂತು ಬೆವರಿದರು. ಇಷ್ಟು ವರ್ಷ ಬಟ್ಟೆ ಕಟ್ಟಿಕೊಂಡಿದ್ದ ಎತ್ತನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನು ಕಣ್ಣು ಬಿಡಿಸಿದ್ದೇ ತಡ, ಊರಿಗೆಲ್ಲ ಕಣ್ಣು ಬಂತು. ಇದನ್ನು ನಾನು ಯಾರಿಗೆ ಹೇಳಲಿ? ಚಿತ್ರ ಕೆಟ್ಟಿದ್ದರೆ ಎಣ್ಣೆ ಮಾರಾಟವಾಗುತ್ತಿತ್ತು. ನಾನು ಮಾಡಿದ ಪಾಪವೆಂದರೆ ಚೆನ್ನಾಗಿ ಬರೆದದ್ದು.

"ಏ ಬಸವರಾಜ, ಬಾ ಇಲ್ಲೆ" ಎಂದು ಕೂಗಿದರು ಶಿವಣ್ಣನವರು. "ಅದರ ಕಣ್ಣು ಮೊದಲ ಮುಚ್ಚು."

ಬಸ್ಯಾ ಚಹಾದ ಕಪ್ಪು ಹಿಡಿದುಕೊಂಡೇ ಬಂದ. ನನ್ನ ಮುಖ ನೋಡಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು, ಎಲ್ಲಕ್ಕಿಂತ ಮೇಲೆ ಒಂದು ಹೊಸ ಪದರ ಹಾಕಿ, ಅದರಲ್ಲಿ ಒಂದು ಕರಿ ಪಟ್ಟಿ ಎಳೆದು, ಎತ್ತಿನ ತಲೆಗೆ ಅಂಟಿಸಿದ. ಚಹಾ ಆರುವುದರೊಳಗೆ ಮುಗಿಯಿತು. ಆ ಚಹಾವನ್ನೂ ಕುಡಿದ.

ಟೀವಿಯಲ್ಲಿ ಎತ್ತು ಬಂತು, ಕಣ್ಣಿಗೆ ಬಟ್ಟೆ.

"ಹಾಂ" ಅಂದರು ನೀಲವ್ವನವರು. "ಇದು ನಮ್ಮ ಎತ್ತು."

"ದೊಡ್ಡ ಸಾವ್ಕಾರ್ರ ಕಾಲದ್ದು" ಎಂದು ಬೇವೂರಿನ ಮುದುಕ ಕ್ಯಾನ್ ಎತ್ತಿಕೊಂಡ. "ಶೇಂಗಾ ಎಣ್ಣಿ ಹಾಕ್ರಿ." ಮೋಟಾರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಎತ್ತಿಗೆ ಕಾಣದಿದ್ದರೆ ಅವರಿಗೂ ಕಾಣುವುದಿಲ್ಲ.

ಬಸ್ಯಾ ಹತ್ತಿರ ಬಂದ. "ಮಾವ, ಮೂಲ್ಯಾಗ ನಿಮ್ಮ ಹೆಸರs ಇರ್ಲಿ. ನಾ ಬರೇ ಒಂದು ಬಟ್ಟಿ ಕಟ್ಟೀನಿ."

ಅವನು ಹಂಗಿಸಿದ್ದರೆ ಜಗಳವಾಡಬಹುದಿತ್ತು. ಆ ದರಿದ್ರ ಹುಡುಗ ಪ್ರೀತಿಯಿಂದ ಹೇಳಿದ್ದ.

"ಬ್ಯಾಡ" ಅಂದೆ. "ಕಡೀಕ ಕೈ ಹಚ್ಚಿದಾವ ಯಾರು, ಅವನ ಹೆಸರು. ಅದು ನಮ್ಮ ಕಸಬಿನ ಪದ್ಧತಿ." ಇಂಥ ಪದ್ಧತಿ ಎಲ್ಲೂ ಇಲ್ಲ. ಆದರೆ ಅಷ್ಟು ಮಂದಿಯ ನಡುವೆ ಬೇರೆ ಯಾವ ಮರ್ಯಾದೆಯೂ ಕೈಗೆ ಸಿಗಲಿಲ್ಲ. ಬಸ್ಯಾ ಬೇಡ ಬೇಡ ಎನ್ನುತ್ತಲೇ ಹೆಸರು ಬದಲಿಸಿದ. ಶಿವಣ್ಣನವರೇ ನಿಂತು ಬದಲು ಮಾಡಿಸಿದರು ಎನ್ನುವುದು ಹೆಚ್ಚು ಸರಿ.

ಹೊರಡುವಾಗ ತಡೆಯಲಾರದೆ ಕೇಳಿದೆ. "ಕಣ್ಣು ಅಳಿಸಿದಿಯೇನೋ?"

"ಇಲ್ಲ ಮಾವ. ಕೆಳಗಿನ ಪದರದಾಗ ಹಂಗs ಅದಾವ. ನೀವು ಕಿವೀನೂ ರೆಪ್ಪೀನೂ ಕೂಡಿಸಿ ಕಟ್ಟೀರಿ. ಅದನ್ನ ತಗದ್ರ ಕಿವಿ ನಿಂತುಬಿಡತೈತಿ."

ಅಂದರೆ ಆ ಬಟ್ಟೆಯ ಅಡಿಯಲ್ಲಿ ನನ್ನ ಎತ್ತು ಈಗಲೂ ಕಣ್ಣು ಮಿಟುಕಿಸುತ್ತದೆ. ಅಂಗಡಿ ತೆರೆದಿರುವಷ್ಟು ಹೊತ್ತೂ ಮಿಟುಕಿಸುತ್ತದೆ. ಗುಡ್ಡೆಯ ಅಂಚಿಗೆ ತುಸು ನೀಲಿ ಇದೆ, ನಡುವೆ ಬೆಳಕಿನ ಚುಕ್ಕೆ ಇದೆ, ಕೆಳಗೆ ಒಂದು ಹನಿ ಹೊಳಪು ಇದೆ. ಗಿರಾಕಿಗಳು ನಿಂತು, "ಕಿವಿ ಎಷ್ಟು ಛಲೋ ಬಡೀತೈತಿ, ಯಾರು ಮಾಡ್ಯಾರ?" ಎಂದು ಮೂಲೆಯ ಹೆಸರು ಓದುತ್ತಾರೆ. ಕುಷ್ಟಗಿಯ ಹೆಸರು.

ಎದುರಿನ ಚಹಾದ ಅಂಗಡಿಯಲ್ಲಿ ನಾನು ದಿನಾ ಕೂಡುತ್ತೇನೆ. ಎತ್ತಿನ ಕಿವಿ ಬಡಿದಾಗೆಲ್ಲ, ಇದೋ ಈಗ ರೆಪ್ಪೆ ಬಿತ್ತು, ಇದೋ ಎದ್ದಿತು ಎಂದು ನನಗೊಬ್ಬನಿಗೇ ತಿಳಿಯುತ್ತದೆ. ಮೊನ್ನೆ ಚಹಾದವನು ಕಪ್ಪು ಇಡುತ್ತ ನನ್ನ ಮುಖವನ್ನೇ ನೋಡಿದ.

"ಪೇಂಟರ್ ಕಾಕಾ, ಕಣ್ಣಿಗೇನಾತ್ರಿ? ಟೀವಿ ನೋಡಿಕೋತ ಒಂದs ಸವನೆ ಮಿಟುಕಿಸಾಕತ್ತೀರಿ."

ಮನೆಯಲ್ಲಿ ಹೇಳಿದ್ದು ತಪ್ಪಾಯಿತು. ಶಾಂತವ್ವ ಔಷಧದ ಅಂಗಡಿಯಿಂದ ಕಣ್ಣಿಗೆ ಬಿಡುವ ಹನಿ ತಂದಳು. ನನ್ನನ್ನು ಅಂಗಾತ ಮಲಗಿಸಿ, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದಳು.

"ಅರ್ಧ ಕಣ್ಣು ಏನ್ ದೊಡ್ಡ ಮಾತ್ರಿ, ಅಂದಿದ್ರಲ್ಲ" ಅಂದಳು. "ಈಗ ಪೂರ್ತಿ ತಗೀರಿ. ಮಿಟುಕಿಸಬ್ಯಾಡ್ರಿ."

ಹನಿ ಬೀಳುವ ಮೊದಲೇ ಮಿಟುಕಿಸಿದೆ. ಔಷಧ ಕಿವಿಗೆ ಹೋಯಿತು.